ಜಗುಲಿಯ ಮೇಲಿನ ಜಡೆ

ಹಗ್ಗ ಹೊಸೆಯುವುದಕ್ಕೆ ಇಬ್ಬರು ಬೇಕು. ಒಬ್ಬರು ರಾಟೆಯ ಹಿಡಿ ತಿರುಗಿಸುತ್ತಾ ಕೂತಿರಬೇಕು, ಇನ್ನೊಬ್ಬರು ನಾರನ್ನು ಸೊಂಟಕ್ಕೆ ಕಟ್ಟಿಕೊಂಡು ಎಳೆ ಬಿಡುತ್ತಾ ಹಿಂದಕ್ಕೆ ಹಿಂದಕ್ಕೆ ನಡೆಯಬೇಕು. ನಮ್ಮ ಕಡೆ ಕೂರುವವರು ಹೆಂಗಸರು, ನಡೆಯುವವರು ಗಂಡಸರು. ಹೀಗೇ ಮಾಡಬೇಕು ಅಂತ ನನಗೆ ಯಾರೂ ಹೇಳಿಕೊಟ್ಟಿದ್ದಲ್ಲ. ನಾನು ಕಣ್ಣು ಬಿಟ್ಟಾಗ ಅವ್ವ ಕೂತಿದ್ದಳು, ಅಪ್ಪ ನಡೆಯುತ್ತಿದ್ದ. ನನಗೆ ಗೊತ್ತಿದ್ದ ಶಾಸ್ತ್ರ ಅಷ್ಟೇ.

ನಮ್ಮ ಮನೆ ಇದ್ದದ್ದು ಹೊನ್ನಾಳಿಯಲ್ಲಿ, ಹೊಳೆಗೆ ಇಳಿಯುವ ದಾರಿಯ ಮೇಲೆ. ಮುಂದೆ ಒಂದು ಜಗುಲಿ, ಒಳಗೆ ಒಂದೇ ಅಂಕಣ. ಕತ್ತಾಳೆ ಪಟ್ಟೆಯನ್ನು ಹೊಳೆಯಂಚಿನ ಮಡುವಿನಲ್ಲಿ ಕೊಳೆಹಾಕಿ, ಬಡಿದು, ತೊಳೆದು ನಾರು ತೆಗೆಯುತ್ತಿದ್ದೆವು. ಎತ್ತಿನ ಮೂಗುದಾರ, ದನದ ಕಣ್ಣಿ, ಬಾವಿ ಹಗ್ಗ, ಬಾರುಕೋಲು, ಹಬ್ಬಕ್ಕೆ ಎತ್ತಿನ ಕೊಂಬಿಗೆ ಕಟ್ಟುವ ಕೆಂಪು ಉಣ್ಣೆಯ ಗೊಂಡೆ, ಎಲ್ಲ ಅಪ್ಪನ ಕೈಯಲ್ಲೇ ಆಗಬೇಕು. ಅವನು ಹಾಕಿದ ಗಂಟು ಎತ್ತು ಜಗ್ಗಿದರೂ ಬಿಚ್ಚುತ್ತಿರಲಿಲ್ಲ.

ನನಗೆ ಎಂಟೋ ಒಂಬತ್ತೋ ಇದ್ದಾಗ ಅವ್ವ ಜ್ವರದಲ್ಲಿ ತೀರಿಕೊಂಡಳು. ತಂಗಿಗೆ ಇನ್ನೂ ಮಾತು ತೊದಲು. ಕರ್ಮಾಂತರ ಮುಗಿದ ಮಾರನೇ ದಿನ ಅಪ್ಪ ರಾಟೆಯನ್ನು ಅಂಗಳಕ್ಕೆ ತಂದಿಟ್ಟು, ನಾರು ಕಟ್ಟಿಕೊಂಡು ಸುಮ್ಮನೆ ನಿಂತ. ನಾನು ಪಾಟಿಚೀಲವನ್ನು ಗೂಟಕ್ಕೆ ನೇತುಹಾಕಿ ಹೋಗಿ ಅವ್ವನ ಜಾಗದಲ್ಲಿ ಕೂತೆ. ಆ ಚೀಲ ಆಮೇಲೆ ಈರುಳ್ಳಿ ಇಡುವುದಕ್ಕೆ ಆಯಿತು. ಮೂರನೇ ಕ್ಲಾಸಿಗೆ ಬಿಟ್ಟವನು ಅಂತ ನನ್ನನ್ನು ಆಡಿಕೊಂಡವರು ಬಹಳ ಜನ. ಆಡಿಕೊಳ್ಳಲಿ. ನನ್ನ ಕೈಯ ಹಗ್ಗದಲ್ಲಿ ಈ ಊರಿನ ಎಷ್ಟೋ ಬಾವಿಗಳ ನೀರು ಮೇಲೆ ಬಂದಿದೆ.

ರಾಟೆ ತಿರುಗಿಸುತ್ತಾ ಕೂತವನನ್ನು ನೋಡಿ ಓಣಿಯ ಹುಡುಗರು ಅವ್ವನ ಸೀರೆಯನ್ನೂ ಉಟ್ಟುಕೊಳ್ಳುತ್ತೀಯೇನೋ ಅಂತ ಕೇಳುತ್ತಿದ್ದರು. ರೊಟ್ಟಿ ಬಡಿಯುವುದನ್ನೂ ಕಲಿತೆ. ಮೊದಮೊದಲು ಮೂಲೆ ಮೂಲೆಯಾಗಿ ಒಡೆದ ಹಂಚಿನಂತೆ ಬರುತ್ತಿದ್ದವು. ಒಂದು ಮಳೆಗಾಲ ಕಳೆಯುವುದರೊಳಗೆ ದುಂಡಗೆ, ತೆಳ್ಳಗೆ ಬಂದವು. ಜಂಬಕ್ಕೆ ಹೇಳುತ್ತಿಲ್ಲ, ಜಂಬ ಅಂದರೂ ತಪ್ಪೇನಿಲ್ಲ.

ಆದರೆ ಅಪ್ಪನದ್ದು ಒಂದು ಕಟ್ಟಳೆ ಇತ್ತು. ಬಾಗಿಲಿನ ಒಳಗೆ ಏನು ಬೇಕಾದರೂ ಆಗಲಿ, ಹೊರಗೆ ಕಾಣಬಾರದು. ಒಳಗೆ ಅವನೇ ಕಸ ಹೊಡೆಯುತ್ತಿದ್ದ, ತಂಗಿಯ ಮೂಗು ಒರೆಸುತ್ತಿದ್ದ, ಅವಳಿಗೆ ಅನ್ನ ಕಲಸಿ ಉಣ್ಣಿಸುತ್ತಿದ್ದ. ಯಾರಾದರೂ ಹೊರಗಿನಿಂದ ಕೂಗಿದರೆ ಕಸಬರಿಗೆ ಬಾಗಿಲ ಹಿಂದೆ ಹೋಗುತ್ತಿತ್ತು, ಕೈಗೊಂದು ಹಗ್ಗದ ತುಂಡು ಬರುತ್ತಿತ್ತು, ದನಿ ದಪ್ಪಗಾಗುತ್ತಿತ್ತು. ನಾನೂ ನೋಡಿ ನೋಡಿ ಅದನ್ನೇ ಕಲಿತೆ. ಹಿಟ್ಟಿನ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಬಾಗಿಲಿಗೆ ಬರುತ್ತಿದ್ದೆ.

ತಂಗಿಯ ಕೂದಲು ಬೆಳೆಯಿತು. ಅವ್ವನ ಕೂದಲೇ ಅವಳಿಗೆ ಬಂದಿತ್ತು, ಒತ್ತಾಗಿ, ತುದಿಯಲ್ಲಿ ಸುರುಳಿಯಾಗಿ. ಹೆಂಗಸರಿಲ್ಲದ ಮನೆಯಲ್ಲಿ ಇದನ್ನು ನೋಡಿಕೊಳ್ಳುವವರು ಯಾರು, ಹೇನು ಬೀಳುವ ಮುಂಚೆ ಕತ್ತರಿಸಿಬಿಡು ಅಂತ ನೆಂಟರು ಹೇಳಿದರು. ಅಪ್ಪ ಕತ್ತರಿಯನ್ನು ಕೈಗೆ ತೆಗೆದುಕೊಂಡು, ತಂಗಿಯ ಹಿಂದೆ ಒಂದು ಗಳಿಗೆ ಕೂತು, ಹಾಗೇ ಎದ್ದು ಕತ್ತರಿಯನ್ನು ಗೂಡಿನಲ್ಲಿಟ್ಟ. ಮಾರನೇ ಬೆಳಗ್ಗೆ ನನಗೆ ಬಾಗಿಲ ಅಗುಳಿ ಹಾಕು ಅಂದ. ತಂಗಿಯನ್ನು ಮುಂದೆ ಕೂರಿಸಿಕೊಂಡ.

ನಾರಿಗೆ ಏನು ಮಾಡುತ್ತಿದ್ದನೋ ಕೂದಲಿಗೂ ಅದನ್ನೇ ಮಾಡಿದ. ಮೊದಲು ಚೆನ್ನಾಗಿ ನೆನೆಸಿದ. ಆಮೇಲೆ ತುದಿಯಿಂದ ಸಿಕ್ಕು ಬಿಡಿಸುತ್ತಾ ಬಿಡಿಸುತ್ತಾ ಬುಡಕ್ಕೆ ಹೋದ. ಬುಡದಿಂದ ಎಳೆದರೆ ನಾರು ಹರಿಯುತ್ತದೆ ಅಂತ ನನಗೂ ಹೇಳಿಕೊಟ್ಟಿದ್ದ. ಹಾಗೆ ಬಿಡಿಸಿದ್ದಕ್ಕೆ ತಂಗಿ ಒಂದು ಸಲವೂ ಅಳಲಿಲ್ಲ. ಅಲ್ಲಿಯವರೆಗೆ ಎಲ್ಲ ಸರಿ ಇತ್ತು. ಆಮೇಲೆ ಒದ್ದೆ ಕೂದಲನ್ನು ನಾಲ್ಕು ಪಾಲು ಮಾಡಿ, ಬಾರುಕೋಲು ಹೆಣೆದ ಹಾಗೆ ಬಿಗಿಯಾಗಿ ಹೆಣೆದ. ಒಣಗುತ್ತಾ ಒಣಗುತ್ತಾ ಅದು ಇನ್ನೂ ಬಿಗಿಯಾಯಿತು. ಬಿಸಿಲೇರುವ ಹೊತ್ತಿಗೆ ತಂಗಿಯ ಹುಬ್ಬು ಹಣೆಗೆ ಏರಿ, ಏನನ್ನೋ ಕಂಡು ಬೆರಗಾದವಳ ಹಾಗೆ ಕಾಣುತ್ತಿದ್ದಳು. ಜಡೆ ಬೆನ್ನಿಗೆ ಅಂಟದೆ ಕೋಲಿನ ಹಾಗೆ ನೆಟ್ಟಗೆ ನಿಂತಿತ್ತು. ಅಪ್ಪ ಹಾಕಿದ ಗಂಟಲ್ಲವೇ, ಅಪ್ಪನಿಂದಲೇ ಬಿಚ್ಚಲಾಗಲಿಲ್ಲ. ಇಬ್ಬರೂ ಸೇರಿ ಎಣ್ಣೆ ಹಚ್ಚಿ ಹಚ್ಚಿ ಬಿಡಿಸಿದೆವು. ಅವಳು ನಡುವೆ ಕೂತು ಬೆಲ್ಲ ತಿನ್ನುತ್ತಿದ್ದಳು.

ಹಾಗಾದರೆ ಹೆಂಗಸರು ಹೇಗೆ ಹಾಕುತ್ತಾರೆ? ಅದನ್ನು ನೋಡಿ ಕಲಿಯಬೇಕು. ಆದರೆ ಗಂಡಸಾದವನು ಹೆಂಗಸರ ಬೆನ್ನನ್ನು ನೋಡುತ್ತಾ ನಿಲ್ಲುವ ಹಾಗಿಲ್ಲ. ನ್ಯಾಮತಿ ಸಂತೆಯಲ್ಲಿ ನಾವು ಹಗ್ಗದ ಸುರುಳಿ ಹಾಸಿಕೊಂಡು ಕೂತಾಗ ಅಪ್ಪನ ಕಣ್ಣು ಬಂದು ಹೋಗುವವರ ಜಡೆಯ ಮೇಲೇ ಇರುತ್ತಿತ್ತು. ಪಕ್ಕದಲ್ಲಿ ಬಳೆ ಹರವಿಕೊಂಡು ಕೂರುತ್ತಿದ್ದ ಸಾಬರು ನಮ್ಮ ಓಣಿಯವರೇ, ಬಿಳಿ ಗಡ್ಡದ ಹಿರಿಯರು. ಬಳೆ ಪೋಣಿಸುವುದಕ್ಕೆ ಹುರಿಯನ್ನು ನಮ್ಮಲ್ಲೇ ಕೊಳ್ಳುತ್ತಿದ್ದರು. ಅವರು ಇದನ್ನು ಕಂಡು ಕಂಡು ತಡೆಯಲಾರದೆ ಅಪ್ಪನ ಕಿವಿಯ ಹತ್ತಿರ ಬಂದು, ವಯಸ್ಸಿನಲ್ಲಿ ಹೆಂಡತಿ ಕಳಕೊಂಡವರು, ಬೇಕಾದರೆ ಮರ್ಯಾದೆಯಿಂದ ಒಂದು ಹೆಣ್ಣು ನೋಡೋಣ, ಹೀಗೆ ಸಂತೆಯಲ್ಲಿ ಕಣ್ಣು ಹಾಕಬೇಡಿ ಅಂದರು. ಅಪ್ಪ ಕಿವಿಯವರೆಗೆ ಕೆಂಪಾದ. ಕೊನೆಗೆ ವಿಷಯ ಹೇಳಲೇಬೇಕಾಯಿತು, ಅದನ್ನೂ ನೆಲ ನೋಡುತ್ತಾ ಹೇಳಿದ.

ಸಾಬರು ನಗಲಿಲ್ಲ. ನಮ್ಮದೇ ಹುರಿಯ ಮೂರು ತುಂಡು ತೆಗೆದು ತಮ್ಮ ಕಾಲ್ಬೆರಳಿಗೆ ಸಿಕ್ಕಿಸಿ, ಬಲದ್ದು ನಡುವೆ, ಎಡದ್ದು ನಡುವೆ, ಅಂತ ನಿಧಾನಕ್ಕೆ ಹೆಣೆದು ತೋರಿಸಿದರು. ಅವರ ಹೆಂಡತಿಗೆ ಕೈ ವಾತ ಬಂದ ಮೇಲೆ ಅವರೇ ಹಾಕುತ್ತಿದ್ದರಂತೆ. ಜನ ಏನಂತಾರೆ ಅಂತ ಅಪ್ಪ ಕೇಳಿದ.

"ನೋಡ್ರಿ ಅಣ್ಣಾವ್ರೆ, ಈ ಸೀಮೆ ಹೆಣ್ಮಕ್ಕಳ ಕೈಯೆಲ್ಲ ನಾನು ಹಿಡಿದೀನಿ. ನನ್ನ ಗಂಡಸ್ತನ ಎಲ್ಲಿಗೂ ಓಡಿಹೋಗಿಲ್ಲ. ಇಲ್ಲೇ ಬಳೆ ಮಾರ್ತಾ ಕೂತೈತೆ," ಅಂದರು ಸಾಬರು.

ಅಪ್ಪ ಮೂರೆಳೆ ಕಲಿತ. ನೆನೆಸುವುದನ್ನು ಬಿಟ್ಟ. ಬಿಗಿ ಮಾತ್ರ ಬಿಡಲಿಲ್ಲ. ತುದಿಗೆ ಕಟ್ಟುವುದಕ್ಕೆ ಟೇಪು ಎಲ್ಲಿಂದ ತರುವುದು, ಎತ್ತಿನ ಕೊಂಬಿನ ಗೊಂಡೆಯನ್ನೇ ಚಿಕ್ಕದಾಗಿ ಮಾಡಿ ಕಟ್ಟಿದ. ತಂಗಿ ನಡೆದರೆ ಅದು ಸೊಂಟದ ಮೇಲೆ ಕುಣಿಯುತ್ತಿತ್ತು. ದಿನಾ ಬೆಳಗ್ಗೆ ಅಗುಳಿ ಹಾಕುವುದು ನನ್ನ ಕೆಲಸ. ಅಗುಳಿ ಬಿದ್ದರೆ ಸಾಕು, ತಂಗಿ ಓಡಿಬಂದು ಅಪ್ಪನ ಮುಂದೆ ಬೆನ್ನು ಹಾಕಿ ಕೂರುತ್ತಿದ್ದಳು. ಯಾರು ಜಡೆ ಹಾಕಿದರು ಅಂತ ಹೊರಗೆ ಕೇಳಿದರೆ ಅಪ್ಪ ಮಾತು ತೇಲಿಸುತ್ತಿದ್ದ. ಕೇಳಿದವರು ಸಾಬರ ಮನೆಯ ಹೆಂಗಸರು ಹಾಕುತ್ತಾರೆ ಅಂದುಕೊಂಡಿದ್ದರು.

ಗುಟ್ಟು ಬಿಟ್ಟವಳು ತಂಗಿಯೇ, ಅದೂ ಆಟದಲ್ಲಿ. ಓಣಿಯ ಮಕ್ಕಳು ನಮ್ಮ ಜಗುಲಿಯ ಮೇಲೆ ಅಪ್ಪ ಅವ್ವನ ಆಟ ಆಡುತ್ತಿದ್ದರು. ಆಟದ ಅವ್ವ ಮಣ್ಣಿನಲ್ಲಿ ರೊಟ್ಟಿ ತಟ್ಟಬೇಕು, ಆಟದ ಅಪ್ಪ ಹೊಲಕ್ಕೆ ಹೋಗಿ ಬಂದು ಉಣ್ಣಬೇಕು. ತಂಗಿಯ ಸರದಿ ಬಂದಾಗ ಅವಳು ಅಪ್ಪ ಆದವನನ್ನು ಹೊಲಕ್ಕೆ ಕಳಿಸಲಿಲ್ಲ. ಅಗುಳಿ ಹಾಕಿ ಬಾ ಅಂದಳು. ಅವನು ಸುಳ್ಳು ಸುಳ್ಳೇ ಅಗುಳಿ ಹಾಕಿ ಬಂದ. ಇವಳು ಅವನಿಗೆ ಬೆನ್ನು ಹಾಕಿ ಕೂತು, ಈಗ ಜಡೆ ಹಾಕು ಅಂದಳು. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಅಪ್ಪ ಎಲ್ಲಾದರೂ ಜಡೆ ಹಾಕುತ್ತಾನಾ ಅಂತ ಒಬ್ಬಳು. ಮತ್ತೆ ಅಪ್ಪ ಇರುವುದು ಯಾತಕ್ಕೆ ಅಂತ ತಂಗಿ. ಅವಳಿಗೆ ನಿಜವಾಗಲೂ ಗೊತ್ತಿರಲಿಲ್ಲ, ಪಾಪ. ಓಣಿಯ ಬೇರೆ ಮಕ್ಕಳು ತಮ್ಮ ಮನೆಯಲ್ಲಿ ಕಂಡದ್ದನ್ನು ಆಡಿದರು, ಇವಳು ನಮ್ಮ ಮನೆಯಲ್ಲಿ ಕಂಡದ್ದನ್ನು ಆಡಿದಳು. ನಾನು ಒಳಗೆ ಒಲೆಯ ಮುಂದೆ ಕೂತು ಎಲ್ಲ ಕೇಳಿಸಿಕೊಂಡೆ. ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು.

ಸಂಜೆಯ ಹೊತ್ತಿಗೆ ಓಣಿಗೆ ಗೊತ್ತಾಯಿತು, ಮುಂದಿನ ಸಂತೆಗೆ ನ್ಯಾಮತಿಗೂ ಗೊತ್ತಾಯಿತು. ಮೂಗುದಾರ ಕೊಳ್ಳಲು ಬಂದವನೊಬ್ಬ, ಇದು ಎತ್ತಿಗೆ ಮಾಡಿದ್ದೋ ಮಗಳಿಗೆ ಮಾಡಿದ್ದೋ ನೋಡಿ ಕೊಡಪ್ಪಾ ಅಂದ. ಸುತ್ತ ಇದ್ದವರು ನಕ್ಕರು. ಅಪ್ಪ ಹಗ್ಗದ ಸುರುಳಿಗಳನ್ನು ಬೇಗ ಕಟ್ಟಿಕೊಂಡು ಎದ್ದ. ಮಾರನೇ ದಿನದಿಂದ ಅಗುಳಿಯ ಜೊತೆಗೆ ಕಿಟಕಿಗೂ ಗೋಣಿತಾಟು ಬಂತು.

ಮಾತು ಜಗಳೂರಿಗೂ ಹೋಯಿತು. ಅಲ್ಲಿದ್ದವಳು ಅಪ್ಪನ ಅಕ್ಕ, ನಮ್ಮ ಸೋದರತ್ತೆ. ಅದು ಯುದ್ಧದ ಕಾಲ, ಪೆಟ್ರೋಲು ಸಿಗದೆ ಇದ್ದಿಲಿನಿಂದ ಓಡುವ ಬಸ್ಸು. ದಾವಣಗೆರೆಯಲ್ಲಿ ಇಳಿದು ಹತ್ತಿ, ಮುಖ ಸೀರೆಯೆಲ್ಲ ಮಸಿ ಮಾಡಿಕೊಂಡು ಅತ್ತೆ ಬಂದಳು. ಕಾಲು ತೊಳೆದು ಒಳಗೆ ಬಂದವಳೇ ತಾನು ಬಂದದ್ದು ಯಾಕೆ ಅಂತ ಹೇಳಿದಳು. ಮಗುವನ್ನು ಕರೆದುಕೊಂಡು ಹೋಗುತ್ತೇನೆ. ಹೆಣ್ಣು ಮಗು ಗಂಡಸರ ನಡುವೆ ಬೆಳೆದರೆ ಹೆಣ್ಣಾಗುವುದು ಹೇಗೆ? ನಾಳೆ ಯಾರ ಮನೆಗೆ ಕೊಡುತ್ತೀಯ? ಜಗಳೂರಿನಲ್ಲಿ ತನ್ನ ಸೊಸೆಯರಿದ್ದಾರೆ, ಮೊಮ್ಮಕ್ಕಳಿದ್ದಾರೆ, ನೋಡಿ ಕಲಿಯುತ್ತಾಳೆ. ಅಪ್ಪ ಆಗಲಿ ಅನ್ನಲಿಲ್ಲ, ಆಗೋದಿಲ್ಲ ಅಂತಲೂ ಅನ್ನಲಿಲ್ಲ. ಅಕ್ಕನ ಮಾತಿಗೆ ಎದುರು ಆಡಿದವನಲ್ಲ. ಅತ್ತೆ ತಂಗಿಯ ಎರಡು ಲಂಗ, ಒಂದು ಕುಪ್ಪಸ ಮಡಿಚಿ ಗಂಟು ಕಟ್ಟಿ ಮೂಲೆಯಲ್ಲಿಟ್ಟಳು. ಆ ಗಂಟನ್ನು ದಾಟಿಕೊಂಡೇ ನಾನು ಅಡುಗೆ ಮಾಡಬೇಕಿತ್ತು. ಅಷ್ಟು ಚಿಕ್ಕ ಗಂಟು ಅಷ್ಟು ಜಾಗ ಹಿಡಿಯುತ್ತದೆ ಅಂತ ನನಗೆ ಅವತ್ತು ತಿಳಿಯಿತು.

ಆ ದಿನವೆಲ್ಲ ಅತ್ತೆ ತಂಗಿಯನ್ನು ಗಮನಿಸಿದಳು. ತಂಗಿ ಕೂತರೆ ಅಪ್ಪನ ಹಾಗೆ ಕಾಲು ನೀಡಿ, ಹೆಬ್ಬೆರಳಿಗೆ ಹುರಿ ಸಿಕ್ಕಿಸಿ ಕೂರುತ್ತಿದ್ದಳು. ಕೆಮ್ಮಿದರೆ ಅಪ್ಪನ ಹಾಗೆ ಗಂಟಲು ಸರಿಮಾಡಿಕೊಳ್ಳುತ್ತಿದ್ದಳು. ರಂಗೋಲಿ ಹಾಕು ಅಂದರೆ ಹಗ್ಗದ ಗಂಟಿನ ಚಿತ್ರ ಬರೆದಳು. ಅತ್ತೆ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ನಕ್ಕು, ಅದಕ್ಕೇ ಹೇಳಿದ್ದು ಅಂತ ನಿಟ್ಟುಸಿರು ಬಿಟ್ಟಳು. ಆಮೇಲೆ ಬಾಚಣಿಗೆ ಹಿಡಿದು, ಬಾ, ನಾನು ಜಡೆ ಹಾಕುತ್ತೇನೆ ಅಂತ ಜಗುಲಿಗೆ ಕರೆದಳು. ತಂಗಿ ಹೋಗಲಿಲ್ಲ. ಬಾಗಿಲು ಹಾಕದೆ ಜಡೆ ಹಾಕಬಾರದು, ಯಾರಾದರೂ ನೋಡುತ್ತಾರೆ ಅಂದಳು. ನೋಡಿದರೆ ಏನಾಗುತ್ತದೆ ಅಂತ ಅತ್ತೆ ಕೇಳಿದಳು.

"ಅಪ್ಪನಿಗೆ ನಾಚಿಕೆ ಆಗ್ತೈತೆ," ಅಂದಳು ತಂಗಿ.

ಅತ್ತೆ ಬಾಚಣಿಗೆಯನ್ನು ಎತ್ತಿಟ್ಟು ಒಳಗೆ ಬಂದಳು. ಊಟಕ್ಕೆ ನಾನು ರೊಟ್ಟಿ ಬಡಿಸಿದೆ. ಅದನ್ನು ಮುರಿದು, ಬೆಳಕಿಗೆ ಹಿಡಿದು ನೋಡಿ, ಇದನ್ನು ಯಾರು ಕಲಿಸಿದರು ಅಂತ ಕೇಳಿದಳು. ಅವ್ವ ಮಾಡುವುದನ್ನು ನೋಡಿದ್ದೆ ಅಂದೆ. ಅವಳು ಮತ್ತೊಂದು ಹಾಕಿಸಿಕೊಂಡಳು. ಆಮೇಲೆ ತಲೆಯೆತ್ತದೆ ಅಪ್ಪನಿಗೆ ಹೇಳಿದಳು.

"ತಮ್ಮಾ, ನೀನು ಜಡೆ ಹಾಕೋದು ತಪ್ಪು ಅಂತ ಬೈಯಾಕೆ ಬಂದಿದ್ದೆ. ಈಗ ಅದಲ್ಲ ನನಗೆ ಕಾಣಿಸ್ತಿರೋದು. ನೀನು ಬಾಗಿಲು ಹಾಕ್ಕೊಂಡು ಹಾಕ್ತೀಯಲ್ಲ, ಮಗು ಅದನ್ನ ಕಲೀತೈತೆ. ತನ್ನ ಕೂದಲೇ ಕಳ್ಳಮಾಲು ಅಂದ್ಕೊಂಡೈತೆ. ಹೆಣ್ಣು ಹುಟ್ಟಿದ್ದಕ್ಕೆ ಅಪ್ಪನಿಗೆ ನಾಚಿಕೆ ಅಂತ ತಿಳ್ಕೊಂಡು ಇಲ್ಲಿ ಬೆಳೆಯೋದಕ್ಕಿಂತ, ನನ್ನ ಹತ್ರ ಬೆಳೀಲಿ ಬಿಡು."

ಅಪ್ಪ ತುತ್ತನ್ನು ತಟ್ಟೆಯಲ್ಲಿಟ್ಟ. "ಅವಳು ಹುಟ್ಟಿದ್ದಕ್ಕೆ ಅಲ್ಲ ಅಕ್ಕಾ," ಅಂದ.

"ನನಗೆ ಗೊತ್ತೈತೆ. ಅವಳಿಗೆ ಹೆಂಗೆ ಗೊತ್ತಾಗ್ಬೇಕು?"

ಮರುದಿನದ ಬಸ್ಸಿಗೆ ಹೊರಡುವುದು ಅಂತ ಆಯಿತು.

ಬೆಳಗಾಯಿತು. ಹೊಳೆಗೆ ಹೋಗುವ ಹೆಂಗಸರ ಕೊಡದ ಸದ್ದು ಕೇಳುತ್ತಿತ್ತು. ನಾನು ಎಂದಿನ ಹಾಗೆ ಅಗುಳಿ ಹಾಕಲು ಎದ್ದೆ. ಹಾಕಬೇಡ ಬಿಡು ಅಂದ ಅಪ್ಪ. ಎಣ್ಣೆಯ ಬಟ್ಟಲು, ಬಾಚಣಿಗೆ, ಗೊಂಡೆ ತೆಗೆದುಕೊಂಡು ಹೋಗಿ ಜಗುಲಿಯ ಮೇಲೆ, ದಾರಿಗೆ ಮುಖ ಮಾಡಿ ಕೂತ. ತಂಗಿಯನ್ನು ಕರೆದ. ಅವಳು ಹೊಸ್ತಿಲಲ್ಲಿ ನಿಂತು ಬಾಗಿಲನ್ನೂ ಅಪ್ಪನನ್ನೂ ನೋಡಿದಳು. ಅಪ್ಪ ತನ್ನ ಮುಂದಿನ ನೆಲವನ್ನು ಅಂಗೈಯಿಂದ ಒಂದು ಸಲ ತಟ್ಟಿದ. ಅವಳು ಹೋಗಿ ಕೂತಳು.

ಅಪ್ಪ ಅವಳ ತಲೆಗೆ ಎಣ್ಣೆ ಹಚ್ಚಿದ. ತುದಿಯಿಂದ ಸಿಕ್ಕು ಬಿಡಿಸುತ್ತಾ ಬಂದ. ಕೊಡ ಹೊತ್ತ ಹೆಂಗಸರ ಹೆಜ್ಜೆ ನಿಧಾನವಾಯಿತು, ಆಮೇಲೆ ನಿಂತಿತು, ಆಮೇಲೆ ಮುಂದೆ ಹೋಯಿತು. ಗಾಡಿ ಹೊಡೆಯುವವನೊಬ್ಬ ಎತ್ತುಗಳನ್ನು ನೀರಿಗೆ ಹೊಡೆದುಕೊಂಡು ಹೋಗುತ್ತಿದ್ದವನು ನಿಂತು, ಹಗ್ಗದ ಯಜಮಾನರು ಹೊಸ ಕಸುಬು ಹಿಡಿದ ಹಾಗೈತೆ ಅಂದ. ಆಗಿನ ಕಾಲಕ್ಕೆ ಅವನ ತಲೆಯಲ್ಲಿ ಒಳ್ಳೇ ಜುಟ್ಟಿತ್ತು.

"ಹೂಂ ಕಣಯ್ಯಾ. ಇವಳದ್ದು ಮುಗೀಲಿ, ಕೂತ್ಕೋ. ನಿನ್ನ ಜುಟ್ಟಿಗೂ ಒಂದು ಗೊಂಡೆ ಕಟ್ತೀನಿ," ಅಂದ ಅಪ್ಪ.

ಹೆಂಗಸರ ನಗೆ ಹೊಳೆಯ ದಾರಿಯುದ್ದಕ್ಕೂ ಕೇಳಿಸಿತು. ಗಾಡಿಯವನೂ ನಕ್ಕ, ಜುಟ್ಟನ್ನು ತಲೆವಸ್ತ್ರದ ಒಳಗೆ ಸೇರಿಸಿಕೊಂಡು ಎತ್ತು ಹೊಡೆದ. ತಂಗಿ ಎಲ್ಲರನ್ನೂ ನೋಡುತ್ತಿದ್ದಳು. ದಾರಿಯಲ್ಲಿ ಹೋಗುವವರನ್ನು ಜಡೆ ಹಾಕಿಸಿಕೊಳ್ಳುತ್ತಾ ನೋಡಬಹುದು ಅನ್ನುವುದೇ ಅವಳಿಗೆ ಹೊಸದು. ಕುತ್ತಿಗೆ ತಿರುಗಿಸಿದಾಗೆಲ್ಲ ಅಪ್ಪ ತಲೆ ಹಿಡಿದು ನೇರ ಮಾಡುತ್ತಿದ್ದ.

ನಾನು ಒಳಗೆ ತಿರುಗಿ ನೋಡಿದರೆ ಅತ್ತೆ ಗಂಟು ಬಿಚ್ಚುತ್ತಿದ್ದಳು. ಲಂಗ ಎರಡನ್ನೂ ಒದರಿ, ಮೊದಲಿದ್ದ ಗಳುವಿನ ಮೇಲೇ ಹಾಕಿದಳು. ಜಗುಲಿಗೆ ಬಂದು, ಬೈತಲೆ ಸೊಟ್ಟ ತೆಗೆದಿದ್ದೀಯ, ಬಾಚಣಿಗೆಯ ಹಲ್ಲಲ್ಲಿ ಅಲ್ಲ, ಮೂಲೆಯಲ್ಲಿ ತೆಗೆಯಬೇಕು ಅಂತ ಬೈದಳಷ್ಟೆ. ಇಷ್ಟು ಸಿಕ್ಕು ಬಿಡಿಸಿದರೂ ಮಗು ಅಳುವುದಿಲ್ಲವಲ್ಲ ಅಂತ ಆಮೇಲೆ ತನ್ನಷ್ಟಕ್ಕೇ ಅಂದುಕೊಂಡಳು. ನಾಲ್ಕು ದಿನ ಇದ್ದು, ತಂಗಿಗೆ ರಂಗೋಲಿ ಎಳೆ, ನನಗೆ ಹೋಳಿಗೆಯ ಕಣಕ ಕಲಿಸಿ, ಮತ್ತೆ ಅದೇ ಮಸಿ ಬಸ್ಸು ಹತ್ತಿ ಒಬ್ಬಳೇ ಹೋದಳು.

ಹಿಟ್ಟಿನ ಕೈಯನ್ನು ಮುಚ್ಚಿಡದೆ ಬಾಗಿಲಿಗೆ ಬರುವುದನ್ನು ನಾನು ಅವತ್ತು ಕಲಿತೆ.

ತಂಗಿಯ ಮದುವೆಯಾದದ್ದು ನಲವತ್ತರ ದಶಕದ ಕೊನೆಯಲ್ಲಿ. ಹುಡುಗ ಚನ್ನಗಿರಿಯವನು, ಅಡಿಕೆ ಮಂಡಿಯಲ್ಲಿ ಮೂಟೆ ಹೊಲಿಯುವವನು, ಮಾತು ಕಡಿಮೆ. ಅವಳು ಗಂಡನ ಮನೆಗೆ ಹೊರಡುವ ದಿನ ಬೆಳಗ್ಗೆ ಗಂಡಿನ ಕಡೆಯ ಹೆಂಗಸರು ಹೂವು, ಬಾಚಣಿಗೆ ಹಿಡಿದು ಒಳಗೆ ಕಾಯುತ್ತಿದ್ದರು. ತಂಗಿ ಸೀದಾ ಜಗುಲಿಗೆ ಹೋಗಿ ಅಪ್ಪನ ಮುಂದೆ ಬೆನ್ನು ಹಾಕಿ ಕೂತಳು. ಆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮದುವೆಗೆ ಬಂದಿದ್ದ ಅತ್ತೆ, ಇದು ನಮ್ಮ ಮನೆಯ ಪದ್ಧತಿ ಕಣ್ರಮ್ಮಾ ಅಂತ ದೊಡ್ಡ ದನಿಯಲ್ಲಿ ಹೇಳಿ, ಎಣ್ಣೆಯ ಬಟ್ಟಲು ತಂದು ತಾನೇ ಹಿಡಿದುಕೊಂಡು ನಿಂತಳು.

ಅಪ್ಪನ ಕಣ್ಣು ಆಗಲೇ ಮಂಜು. ಕೈಗೆ ಕಣ್ಣು ಬೇಕಿರಲಿಲ್ಲ. ಆದರೆ ಅವತ್ತು ಅವನು ಹೆಣೆದದ್ದು ಸಡಿಲ. ಅವನ ಕೈಯಲ್ಲಿ ಅಂಥ ಸಡಿಲ ಹೆಣಿಗೆಯನ್ನು ನಾನು ಕಂಡವನೇ ಅಲ್ಲ. ಅತ್ತೆಯೂ ಗಮನಿಸಿದಳು, ಊರು ಮುಟ್ಟುವ ಮುಂಚೆ ಬಿಚ್ಚಿಹೋಗುತ್ತದಲ್ಲೋ ಅಂದಳು.

"ಬಿಚ್ಚಲಿ ಅಕ್ಕಾ. ಇನ್ನು ಮುಂದೆ ಹಾಕಾಕೆ ಅಲ್ಲಿ ಯಾರಾದ್ರೂ ಕಲೀಬೇಕಲ್ಲ," ಅಂದ ಅಪ್ಪ.

ತಂಗಿಯ ಜೊತೆ ಹೋಗಿ ಬಿಟ್ಟುಬರುವುದು ಅಣ್ಣನಾದ ನನ್ನ ಪಾಲಿಗೆ. ಗಾಡಿ ನಾನೇ ಹೊಡೆದೆ. ಹಿಂದೆ ಕಮಾನಿನ ಕೆಳಗೆ ಗಂಡ ಹೆಂಡತಿ, ನಡುವೆ ಒಂದು ಬುತ್ತಿಯ ಗಂಟು. ಚನ್ನಗಿರಿಯ ದಾರಿ ಆಗ ಬರೀ ಕಲ್ಲು. ಮಧ್ಯಾಹ್ನ ಇಳಿಯುವ ಹೊತ್ತಿಗೆ ತಿರುಗಿ ನೋಡಿದೆ. ಜಡೆ ಬಿಚ್ಚಿ ಬೆನ್ನ ತುಂಬ ಹರಡಿತ್ತು. ಕೆಂಪು ಗೊಂಡೆ ಉದುರಿ ಬಿದ್ದದ್ದನ್ನು ಹುಡುಗ ಎತ್ತಿಕೊಂಡು, ಏನು ಮಾಡಬೇಕೋ ತಿಳಿಯದೆ ಅಂಗೈಯಲ್ಲಿಟ್ಟುಕೊಂಡು ಕೂತಿದ್ದ. ನನ್ನ ಕಣ್ಣಿಗೆ ಕಣ್ಣು ತಾಗಿದ್ದಕ್ಕೆ ನಾಚಿ ಅದನ್ನು ಮುಚ್ಚಿಟ್ಟುಕೊಳ್ಳಲು ನೋಡಿದ. ನಾನು ಎತ್ತಿನ ಕಡೆ ತಿರುಗಿದೆ.

ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ ತಂಗಿಯ ಮಾತು ಕೇಳಿಸಿತು. ಮೆಲ್ಲಗೆ, ನಾರು ಬಿಡಿಸುವಾಗ ನನಗೆ ಅಪ್ಪ ಹೇಳಿಕೊಡುತ್ತಿದ್ದ ಅದೇ ದನಿಯಲ್ಲಿ.

"ಬುಡದಿಂದ ಎಳೀಬ್ಯಾಡ್ರಿ. ತುದಿಯಿಂದ ಬಿಡಿಸ್ಕೊಂಡು ಬರ್ರಿ."